ಕಂತು, ಕಿಸ್ತು, ಉದ್ರಿ: ಇಂಗ್ಲಿಷಿನಲ್ಲಿ ಯಾವುದಕ್ಕೆ ಯಾವ ಮಾತು?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿ. ಅಲ್ಲಿ ಕೆಲಸ ಮಾಡುವ ಹುಡುಗನೊಬ್ಬ ನನ್ನ ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಬರುತ್ತಾನೆ. ಹೋದ ತಿಂಗಳು ಅವನ ಅಂಗಡಿಗೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಿಂದ ಒಬ್ಬರು ಮೇಡಂ ಬಂದಿದ್ದರಂತೆ. ಕೇರಳದವರು. ಕನ್ನಡ ಬರದು, ಹಿಂದಿಯೂ ಅಷ್ಟಕ್ಕಷ್ಟೇ. ಫ್ರಿಜ್ ನೋಡಿದರು, ಹಿಡಿಸಿತು. "ಕ್ಯಾನ್ ಐ ಪೇ ಇನ್ ಇನ್‌ಸ್ಟಾಲ್‌ಮೆಂಟ್ಸ್?" ಅಂದರು. ನಮ್ಮ ಹುಡುಗ ಎದೆ ಉಬ್ಬಿಸಿ, "ಎಸ್ ಮೇಡಂ, ಇನ್‌ಸ್ಟಾಲೇಷನ್ ಟೋಟಲ್ ಫ್ರೀ" ಅಂದ.

ಮೇಡಂ ನಕ್ಕು ಇನ್ನೊಂದು ಕೇಳಿದರು: "ಡು ಐ ಹ್ಯಾವ್ ಟು ಪೇ ಎನಿಥಿಂಗ್ ಅಪ್‌ಫ್ರಂಟ್?" ಇವನಿಗೆ 'ಫ್ರಂಟ್' ಅನ್ನೋದಷ್ಟೇ ಕೇಳಿಸಿತು. ಫ್ರಿಜ್ಜಿನ ಮುಂದಿನ ಬಾಗಿಲು ತೆಗೆದು ತೋರಿಸಿದ.

ಅವತ್ತು ಕ್ಲಾಸಿಗೆ ಬಂದವನೇ ಕೇಳಿದ: "ಸರ್, ಕಿಸ್ತಿಗೆ ಇಂಗ್ಲಿಷಿನ್ಯಾಗ ಎಷ್ಟ್ ಹೆಸರ ಅದಾವ್ರಿ? ಒಂದೇ ಇದ್ರ ಬಾಯಿಪಾಠ ಮಾಡ್ತಿದ್ದೆ."

ಒಂದಲ್ಲ, ಹದಿನೈದಾದರೂ ಇವೆ. ಆದರೆ ಅವು ಒಂದೇ ಸಾಮಾನಿಗೆ ಅಂಟಿಸಿದ ಹದಿನೈದು ಚೀಟಿಗಳಲ್ಲ. ನಮ್ಮಲ್ಲೇ ನೋಡಿ. ಕಿರಾಣಿ ಅಂಗಡಿಯಲ್ಲಿ ಎಣ್ಣೆ ತಗೊಂಡು "ಉದ್ರಿ ಬರ್ಕೊಳ್ರಿ" ಅಂತೀವಿ, "ಕಂತು ಹಾಕ್ರಿ" ಅನ್ನಲ್ಲ. ಪ್ಲಾಟಿಗೆ ಮೊದಲು ಕೊಡೋದು ಇಸಾರ. ವಾರಕ್ಕೊಮ್ಮೆ ವಸೂಲಿಗೆ ಬಂದರೆ ಹಫ್ತಾ. ಯಾರೂ ಕಲಿಸದೆ ನಾವು ಇವನ್ನು ಬೇರೆ ಬೇರೆ ಇಟ್ಟಿದ್ದೀವಿ. ಇಂಗ್ಲಿಷಿನಲ್ಲೂ ಹಾಗೇ. ನಾನು ಕ್ಲಾಸಿನಲ್ಲಿ ಮೂರೇ ಪ್ರಶ್ನೆ ಹೇಳಿಕೊಡುತ್ತೇನೆ. ರೊಕ್ಕ ಒಂದೇ ಗಂಟಿಗೋ, ತುಂಡು ತುಂಡಾಗಿಯೋ? ಸಾಮಾನು ಈಗ ಯಾರ ಮನೆಯಲ್ಲಿದೆ? ಕಾಗದದ ಮೇಲೆ ಅದು ಯಾರದ್ದು? ಈ ಮೂರಕ್ಕೆ ಉತ್ತರ ಸಿಕ್ಕರೆ ಮಾತು ತಾನಾಗಿ ಸಿಗುತ್ತದೆ.

ಇನ್‌ಸ್ಟಾಲ್‌ಮೆಂಟೋ, ಇಎಂಐಯೋ?

ಒಂದೇ ಮಾತು ಕಲಿಯೋಕೆ ಪುರುಸೊತ್ತು ಅನ್ನುವವರು 'ಪೇ ಇನ್ ಇನ್‌ಸ್ಟಾಲ್‌ಮೆಂಟ್ಸ್' ಕಲಿಯಿರಿ. ಲಂಡನ್ನಿನಿಂದ ಲಾಹೋರ್‌ವರೆಗೆ ಎಲ್ಲರಿಗೂ ತಿಳಿಯುತ್ತದೆ. ಮುಂದೆ 'ಇನ್', ಕೊನೆಗೆ 'ಸ್'. ವಕೀಲರ ಕಾಗದದಲ್ಲಿ 'ಬೈ ಇನ್‌ಸ್ಟಾಲ್‌ಮೆಂಟ್ಸ್' ಅಂತಲೂ ಬರುತ್ತದೆ, ತಪ್ಪಲ್ಲ. ನಮ್ಮ ಅಂಗಡಿ ಬೋರ್ಡುಗಳ 'ಆನ್ ಇನ್‌ಸ್ಟಾಲ್‌ಮೆಂಟ್' ಮಾತಿಗೆ ನಡೆಯುತ್ತದೆ, ಅರ್ಜಿಯಲ್ಲಿ ಬರೆಯುವಾಗ ಬೇಡ. ಸ್ಪೆಲಿಂಗಿನಲ್ಲಿ ಬ್ರಿಟಿಷರು ಒಂದೇ 'ಎಲ್' ಹಾಕುತ್ತಾರೆ, ಅಮೆರಿಕದವರು ಎರಡು. ಇಲ್ಲಿ ಎರಡೂ ಓಡುತ್ತವೆ. ಒಂದು ಪತ್ರದಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೇ.

ಇಎಂಐ ಅನ್ನೋದು ನಮ್ಮ ಕಡೆಯ ಕೂಸು. ಬಿಡಿಸಿದರೆ ಈಕ್ವೇಟೆಡ್ ಮಂತ್ಲಿ ಇನ್‌ಸ್ಟಾಲ್‌ಮೆಂಟ್. ಅಂದರೆ ಮೊತ್ತ ಪ್ರತಿ ಸಲ ಸಮ ಇರಬೇಕು, ತಿಂಗಳಿಗೊಮ್ಮೆ ಬರಬೇಕು. 'ಪರ್ ಮಂತ್ ಇಎಂಐ ಇನ್‌ಸ್ಟಾಲ್‌ಮೆಂಟ್' ಅಂದರೆ ತಿಂಗಳೂ ಎರಡು ಸಲ, ಕಂತೂ ಎರಡು ಸಲ ಬಂತು. ಸುಮ್ನೆ ಇಎಂಐ ಅಂದರೆ ಸಾಕು.

ಇದು ಭಾರತದಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಸಮುದ್ರ ದಾಟಿದರೆ ಗೊತ್ತಿಲ್ಲ. ನನ್ನ ತಂಗಿ ಮಗ ಅಮೆರಿಕದ ಒಂದು ಆನ್‌ಲೈನ್ ಕೋರ್ಸಿಗೆ ಸೇರೋಕೆ ಹೊರಟಿದ್ದ. "ಈಸ್ ಇಎಂಐ ಅವೈಲಬಲ್?" ಅಂತ ಮೇಲ್ ಹಾಕಿದ. ಎರಡು ದಿನ ಬಿಟ್ಟು ಉತ್ತರ ಬಂತು: ಇಎಂಐ ಅಂದರೆ ಏನು, ದಯವಿಟ್ಟು ವಿವರಿಸಿ. ವಯಸ್ಸಾದ ಇಂಗ್ಲಿಷರ ಮುಂದೆ ಇಎಂಐ ಅಂದರೆ ಅವರಿಗೆ ಹಾಡಿನ ರೆಕಾರ್ಡ್ ಮಾಡುತ್ತಿದ್ದ ಕಂಪನಿ ನೆನಪಾಗಬಹುದು. ಅವನಿಗೆ ಬೇಕಿದ್ದ ಮಾತು 'ಪೇಮೆಂಟ್ ಪ್ಲಾನ್'. ಕಾಲೇಜು ಫೀ, ಆಸ್ಪತ್ರೆ ಬಿಲ್ಲು, ಹಲ್ಲಿನ ಡಾಕ್ಟರ ಖರ್ಚು, ಇಂಥವನ್ನು ಹಂಚಿ ಕಟ್ಟುತ್ತೇನೆ ಅನ್ನೋಕೆ ಹೊರಗಡೆ ಇದೇ ಬಳಕೆ. ಕಾರಿನ ಕಂತಿಗೆ ಅಮೆರಿಕದವರು ಬರೀ 'ಕಾರ್ ಪೇಮೆಂಟ್' ಅಂತಾರೆ. "ಐ ಹ್ಯಾವ್ ಎ ಕಾರ್ ಪೇಮೆಂಟ್" ಅಂದರೆ ಪ್ರತಿ ತಿಂಗಳು ಕಟ್ಟಬೇಕಾದ್ದು ಇದೆ ಅಂತ ಅರ್ಥ. ಕಾರಿಗೆ ಒಂದೇ ಸಲ ರೊಕ್ಕ ಕೊಟ್ಟೆ ಅಂತಲ್ಲ.

ಇನ್ನು ನಮ್ಮ ತೊಗರಿ ರೈತರ ಲೆಕ್ಕ ಬೇರೆ. ಬಿತ್ತೋದು ಜೂನ್-ಜುಲೈ, ರಾಶಿ ಆಗೋದು ಡಿಸೆಂಬರ್-ಜನವರಿ. ರೊಕ್ಕ ಕೈಗೆ ಬರೋದು ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಮಾಲು ಹೋದ ಮೇಲೆ. ಅದಕ್ಕೇ ಟ್ರ್ಯಾಕ್ಟರ್ ಸಾಲಕ್ಕೆ ಆರು ತಿಂಗಳಿಗೊಮ್ಮೆ ಕಂತು ಇಡುವ ಪದ್ಧತಿ ಇದೆ. ಅದನ್ನೂ ಎಲ್ಲರೂ ಇಎಂಐ ಅಂತಾರೆ. ತಿಂಗಳಿನ ಮಾತೇ ಇಲ್ಲದ ಕಡೆ ಇಎಂಐ ಎಲ್ಲಿಂದ ಬಂತು? ಅದು 'ಹಾಫ್-ಇಯರ್ಲಿ ಇನ್‌ಸ್ಟಾಲ್‌ಮೆಂಟ್'. ಬ್ಯಾಂಕಿನ ಅರ್ಜಿಯಲ್ಲಿ ಇಎಂಐ ಅಂತ ಗೀಚಿದರೆ ತಿಂಗಳ ಕಂತಿಗೆ ಒಪ್ಪಿದ ಹಾಗೆ ಆದೀತು, ಹುಷಾರು.

ಮೊದಲು ಕೊಡುವ ರೊಕ್ಕ

ಮೇಡಂ ಕೇಳಿದ 'ಅಪ್‌ಫ್ರಂಟ್' ಅಂದರೆ ಮೊದಲೇ, ಕೈಗೆ ಕೈ. ಮುಂಗಡಕ್ಕೆ ಹುಡುಗರು ಎಲ್ಲ ಕಡೆ 'ಅಡ್ವಾನ್ಸ್' ಅಂತ ಹೊಡೆಯುತ್ತಾರೆ. ಸಾಮಾನು ಈಗಲೇ ಒಯ್ಯುತ್ತೀರಿ, ಬೆಲೆಯ ಒಂದು ಪಾಲು ಈಗ, ಉಳಿದದ್ದು ಕಂತಿನಲ್ಲಿ ಅಂದರೆ 'ಡೌನ್ ಪೇಮೆಂಟ್'. ಬ್ರಿಟನ್ನಿನಲ್ಲಿ ಇದನ್ನೇ 'ಡಿಪಾಸಿಟ್' ಅಂತಾರೆ. ನಮ್ಮಲ್ಲಿ ಡಿಪಾಸಿಟ್ ಅಂದರೆ ಮನೆ ಮಾಲೀಕರ ಹತ್ತಿರ ಇಟ್ಟು ಖಾಲಿ ಮಾಡುವಾಗ ವಾಪಸ್ ಕೇಳುವ ರೊಕ್ಕ. ಈ ಗೊಂದಲ ಇಲ್ಲೂ ಬರಬಾರದು ಅಂದರೆ ಡೌನ್ ಪೇಮೆಂಟ್ ಅನ್ನೋದೇ ವಾಸಿ. ಪ್ಲಾಟಿನ ಇಸಾರಕ್ಕೆ ಇಲ್ಲಿ 'ಟೋಕನ್' ಅಂದರೆ ಎಲ್ಲರಿಗೂ ತಿಳಿಯುತ್ತದೆ. ಹೊರದೇಶದಲ್ಲಿ ಟೋಕನ್ ಅಂದರೆ ಏನೆಂದು ತಿಳಿಯಲಿಕ್ಕಿಲ್ಲ.

ಉದ್ರಿ ಬೇರೆ, ಕಂತು ಬೇರೆ

ಉದ್ರಿಗೆ ಸರಿಯಾದ ಮಾತು 'ಆನ್ ಕ್ರೆಡಿಟ್'. ಈಗ ಒಯ್ಯುತ್ತೇನೆ, ಆಮೇಲೆ ಕೊಡುತ್ತೇನೆ. ಎಷ್ಟು ತುಂಡು ಅನ್ನುವ ಮಾತಿಲ್ಲ. ಬ್ರಿಟಿಷರ ಹಳೇ ಆಡುಮಾತು 'ಆನ್ ಟಿಕ್'. ಟಿಕೆಟ್ ಅನ್ನುವ ಪದ ಸವೆದು ಟಿಕ್ ಆದದ್ದು. ಬಾಕಿ ಬರೆದ ಚೀಟಿಯೇ ಆ ಟಿಕೆಟ್. ನಮ್ಮ ಉದ್ರಿ ವಹಿಯ ಖಾಸಾ ತಮ್ಮ ಅಂತಿಟ್ಟುಕೊಳ್ಳಿ. ಹೋಟೆಲಿನಲ್ಲಿ "ನನ್ನ ಲೆಕ್ಕಕ್ಕೆ ಹಾಕಿ" ಅನ್ನೋಕೆ "ಪುಟ್ ಇಟ್ ಆನ್ ಮೈ ಟ್ಯಾಬ್".

ಫೋನಿನಲ್ಲಿ ಬರುವ 'ಪೇ ಲೇಟರ್' ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ತಿಂಗಳು ಪೂರ್ತಿ ತಗೊಂಡು, ಕೊನೆಗೆ ಒಂದೇ ಬಿಲ್ಲು ಕಟ್ಟೋದು. ಅಂದರೆ ಅದು ಕಂತೇ ಅಲ್ಲ, ಕಿರಾಣಿ ಉದ್ರಿ. ಕಿರಾಣಿ ಅಂಗಡಿ ಕಾಕಾರ ಕೆಂಪು ವಹಿ ಹೋಗಿ ಆ್ಯಪ್ ಬಂತು. ಕಾಕಾ ಬಡ್ಡಿ ಹಾಕುತ್ತಿರಲಿಲ್ಲ, ಮುಖ ಮಾತ್ರ ಗಂಟು ಹಾಕುತ್ತಿದ್ದರು. ಆ್ಯಪ್ ಮುಖ ಗಂಟು ಹಾಕಲ್ಲ, ದಿನ ತಪ್ಪಿದರೆ ಲೇಟ್ ಫೀ ಹಾಕುತ್ತದೆ. ಆದರೆ ಹೊರದೇಶದಲ್ಲಿ 'ಬೈ ನೌ, ಪೇ ಲೇಟರ್' ಅಂದರೆ ಬಹಳ ಸಲ ನಿಜವಾದ ಕಂತೇ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಆಫ್ಟರ್‌ಪೇ ಬೆಲೆಯನ್ನು ನಾಲ್ಕು ಪಾಲು ಮಾಡಿ ಎರಡು ವಾರಕ್ಕೊಂದು ಕಟ್ಟಿಸಿಕೊಳ್ಳುತ್ತದೆ. ಹೆಸರು ಒಂದೇ, ಇಲ್ಲಿ ಉದ್ರಿ, ಅಲ್ಲಿ ಕಂತು. ಎರಡು ವಾರಕ್ಕೊಮ್ಮೆ ಅನ್ನೋಕೆ 'ಎವ್ರಿ ಟೂ ವೀಕ್ಸ್' ಅನ್ನಿ. 'ಬೈವೀಕ್ಲಿ' ಬೇಡ. ಅದಕ್ಕೆ ವಾರಕ್ಕೆ ಎರಡು ಸಲ ಅಂತಲೂ ಅರ್ಥ ಇದೆ. ಇಂಗ್ಲಿಷರೇ ಅದರಲ್ಲಿ ಎಡವುತ್ತಾರೆ.

ಸಾಮಾನು ಅಂಗಡಿಯಲ್ಲೇ ಇದ್ದರೆ

ನಮ್ಮವ್ವ ಸೀರೆ ಅಂಗಡಿಯಲ್ಲಿ ಒಂದು ಇಳಕಲ್ ಸೀರೆ ಮೆಚ್ಚಿ, "ಅಣ್ಣಾರ, ಇದು ಎತ್ತಿಡ್ರಿ" ಅಂತ ಐವತ್ತು ರೂಪಾಯಿ ಕೊಟ್ಟು ಬರುತ್ತಿದ್ದಳು. ಆಮೇಲೆ ಸಂತೆಗೆ ಹೋದಾಗಲೆಲ್ಲ ಒಂದಿಷ್ಟು ಕೊಡೋದು. ದೀಪಾವಳಿ ಹೊತ್ತಿಗೆ ಚುಕ್ತಾ, ಸೀರೆ ಮನೆಗೆ. ಅಂಗಡಿಯವರು ಅದನ್ನು ಮೇಲಿನ ಕಪಾಟಿನಲ್ಲಿ, ಹಳೇ ಪೇಪರಿನಲ್ಲಿ ಸುತ್ತಿ, ಅವ್ವನ ಹೆಸರು ಪೆನ್ಸಿಲ್ಲಿನಲ್ಲಿ ಬರೆದು ಇಡುತ್ತಿದ್ದರು. ನಾನು ಆ ಪೊಟ್ಟಣವನ್ನೇ ನೋಡುತ್ತಾ ನಿಲ್ಲುತ್ತಿದ್ದೆ.

ಇದಕ್ಕೆ ಅಮೆರಿಕದಲ್ಲಿ 'ಲೇಅವೇ', ಆಸ್ಟ್ರೇಲಿಯಾದಲ್ಲಿ 'ಲೇ-ಬೈ'. 1930ರ ದಶಕದ ಮಹಾ ಕುಸಿತದ ಕಾಲದಲ್ಲಿ, ಜನರ ಕೈಯಲ್ಲಿ ಕಾಸಿಲ್ಲದಾಗ, ಅಮೆರಿಕದಲ್ಲಿ ಲೇಅವೇ ಜೋರಾಯಿತು. ಸಾಲ ಅಲ್ಲ, ಬಡ್ಡಿ ಇಲ್ಲ. ವಾಲ್‌ಮಾರ್ಟ್‌ನಂಥ ದೊಡ್ಡ ಅಂಗಡಿ 2021ರಲ್ಲಿ ಅದನ್ನು ಬಹುಪಾಲು ಕೈಬಿಟ್ಟಿತು. ಒಂದು ಎಚ್ಚರಿಕೆ: ಇಂಗ್ಲೆಂಡಿನಲ್ಲಿ ಲೇ-ಬೈ ಅಂದರೆ ರಸ್ತೆ ಪಕ್ಕದಲ್ಲಿ ಗಾಡಿ ನಿಲ್ಲಿಸುವ ಜಾಗ. "ಐ ಬಾಟ್ ಎ ಸ್ಯಾರಿ ಆನ್ ಲೇ-ಬೈ" ಅಂತ ಅಲ್ಲಿ ಹೇಳಿದರೆ, ಹೆದ್ದಾರಿ ಬದಿಯಲ್ಲಿ ಯಾರೋ ಸೀರೆ ಮಾರುತ್ತಿದ್ದರು ಅಂದುಕೊಂಡಾರು.

ಕಾಗದದ ಮೇಲೆ ಯಾರದ್ದು?

ಇದು ನನಗೆ ಮುಖ್ಯ ಅನಿಸುವ ಭಾಗ, ಯಾಕಂದರೆ ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ.

'ಹೈರ್ ಪರ್ಚೇಸ್' ಅಂದರೆ ಬಾಡಿಗೆ-ಖರೀದಿ. ಸಾಮಾನು ನಿಮ್ಮ ಮನೆಯಲ್ಲಿ, ಮಾಲೀಕತ್ವ ಅವರಲ್ಲಿ. ಕೊನೇ ಕಂತು ಕಟ್ಟಿ ಖರೀದಿ ಮುಗಿಸುವವರೆಗೂ ನೀವು ಬಾಡಿಗೆದಾರರು. ಹೊಲಿಗೆ ಮೆಷಿನ್ನಿನ ಸಿಂಗರ್ ಕಂಪನಿ 1856ರಲ್ಲೇ ಇಂಥ ಕಂತಿನ ವ್ಯಾಪಾರ ಶುರು ಮಾಡಿತ್ತು. ಸ್ವಲ್ಪ ಕೊಟ್ಟು ಮೆಷಿನ್ ಒಯ್ಯಿರಿ, ಹೊಲಿದು ಗಳಿಸಿ ಉಳಿದದ್ದು ಕಟ್ಟಿರಿ ಅನ್ನುವ ಹಾಗೆ. ಬ್ರಿಟಿಷ್ ಮಂದಿ ಹೈರ್ ಪರ್ಚೇಸಿಗೆ ತಮಾಷೆಯಾಗಿ ಇಟ್ಟ ಹೆಸರು 'ದ ನೆವರ್-ನೆವರ್'. ಎಂದೂ ಮುಗಿಯದ್ದು ಅಂತ. ಗೆಳೆಯರ ನಡುವೆ ಚೆನ್ನಾಗಿದೆ, ಬ್ಯಾಂಕ್ ಮ್ಯಾನೇಜರ ಮುಂದೆ ಬೇಡ. ಅಮೆರಿಕದಲ್ಲಿ ಸೋಫಾ, ಟಿವಿಗೆ ಇದರ ಹತ್ತಿರದ ಮಾತು 'ರೆಂಟ್-ಟು-ಓನ್'.

'ಹೈಪಾಥಿಕೇಷನ್' ಹೈರ್ ಪರ್ಚೇಸಿನ ತಿರುವುಮುರುವು. ಗಾಡಿ ನಿಮ್ಮ ಹೆಸರಿನಲ್ಲೇ ಇರುತ್ತದೆ, ಸಾಲ ಕೊಟ್ಟವರ ಹಕ್ಕು ಅದರ ಮೇಲೆ ಕೂತಿರುತ್ತದೆ. ಈಗ ಬ್ಯಾಂಕ್ ಸಾಲದ ಬೈಕು, ಕಾರು ಹೆಚ್ಚಾಗಿ ಇದೇ ಲೆಕ್ಕ. ಗಾಡಿಯ ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ಅದು ನಮೂದಾಗುತ್ತದೆ. ನಮ್ಮ ಮಂದಿ ಎರಡಕ್ಕೂ ಸೇರಿಸಿ 'ಎಚ್‌ಪಿ' ಅಂತಾರೆ.

ನನ್ನ ಕೆಎ-32 ಬೈಕಿನ ಕೊನೇ ಕಂತು ಕಟ್ಟಿದ ದಿನ ಪೇಢೆ ಹಂಚಿದ್ದೆ. ಸಾಲ ಮುಗೀತು ಅಂದರೆ ಎಲ್ಲ ಮುಗೀತು ಅಂದುಕೊಂಡೆ. ನಾಲ್ಕು ವರ್ಷ ಬಿಟ್ಟು ಮಾರೋಕೆ ಹೋದರೆ, ಕೊಳ್ಳುವವರು ಆರ್‌ಸಿ ನೋಡಿ, "ಸರ್, ಎಚ್‌ಪಿ ಇನ್ನಾ ಹಂಗೇ ಅದ ಅಲ್ರಿ" ಅಂದರು. ಸಾಲ ಕೊಟ್ಟವರು ಆವಾಗಲೇ ಎನ್‌ಒಸಿ, ಅಂದರೆ ನಮ್ಮ ಅಡ್ಡಿ ಇಲ್ಲ ಅನ್ನುವ ಪತ್ರ, ಕಳಿಸಿದ್ದರು. ಫೈಲಿನಲ್ಲಿ ಬೆಚ್ಚಗೆ ಮಲಗಿತ್ತು, ಅದರಲ್ಲಿ ಬರೆದ ಅವಧಿಯೂ ಮುಗಿದಿತ್ತು. ಹೊಸ ಎನ್‌ಒಸಿ ತಗೊಂಡು, ಫಾರ್ಮ್ 35 ಜೊತೆ ಆರ್‌ಟಿಒಗೆ ಕೊಟ್ಟ ಮೇಲೆ ಆ ಸಾಲು ಆರ್‌ಸಿಯಿಂದ ಹೋಯಿತು. ಇದಕ್ಕೆ ಕಾಗದದ ಇಂಗ್ಲಿಷ್ 'ಟರ್ಮಿನೇಷನ್ ಆಫ್ ಹೈಪಾಥಿಕೇಷನ್'. ಸಾಲ ತೀರಿಸೋದು 'ಲೋನ್ ಕ್ಲೋಷರ್'. ಎರಡು ಬೇರೆ ಕೆಲಸ, ಎರಡು ಬೇರೆ ಆಫೀಸು. ಯಾದಗಿರಿಯ ಕೆಎ-33 ಇರಲಿ, ಬೀದರಿನ ಕೆಎ-38 ಇರಲಿ, ನಿಯಮ ಒಂದೇ.

'ಫೈನಾನ್ಸ್' ಪದಕ್ಕೂ ಒಂದು ಮಾತು. ನಮ್ಮಲ್ಲಿ "ಫೈನಾನ್ಸಿನವರು ಬಂದಾರ" ಅಂದರೆ ಮನೆ ಬಾಗಿಲು ಮುಚ್ಚುತ್ತಾರೆ. ಇಂಗ್ಲಿಷಿನಲ್ಲಿ ಅದು ಮಾಮೂಲಿ ಸಭ್ಯ ಮಾತು. ಬ್ರಿಟನ್ನಿನಲ್ಲಿ "ಐ ಗಾಟ್ ದ ಕಾರ್ ಆನ್ ಫೈನಾನ್ಸ್", ಅಮೆರಿಕದ ಅಂಗಡಿಯಲ್ಲಿ "ಡು ಯು ಆಫರ್ ಫೈನಾನ್ಸಿಂಗ್?" ಎರಡೂ ಸರಾಗ.

ನೋ ಕಾಸ್ಟ್, ಫ್ಲಾಟ್, ರೆಡ್ಯೂಸಿಂಗ್

ಹಳ್ಳಿಯಲ್ಲಿ "ನೂರಕ್ಕೆ ಎರಡು" ಅಂದರೆ ತಿಂಗಳಿಗೆ ಎರಡು ರೂಪಾಯಿ. ವರ್ಷಕ್ಕೆ 24. ಬ್ಯಾಂಕಿನ ಸಾಲದ ಇಂಗ್ಲಿಷ್ ಸಾಮಾನ್ಯವಾಗಿ ವರ್ಷದ್ದು, 'ಪರ್ ಆ್ಯನಮ್'. "ಟೂ ಪರ್ಸೆಂಟ್" ಅಂತ ಅನುವಾದ ಮಾಡುವಾಗ 'ಪರ್ ಮಂತ್' ಸೇರಿಸದಿದ್ದರೆ ಆ ಸಾವುಕಾರರು ದೇವರಾಗಿಬಿಡುತ್ತಾರೆ.

ಇದಕ್ಕಿಂತ ಜಾಸ್ತಿ ಮೋಸ ಹೋಗೋದು 'ಫ್ಲಾಟ್' ಮತ್ತು 'ರೆಡ್ಯೂಸಿಂಗ್' ನಡುವೆ. ಹಳೇ ಬೈಕಿಗೆ 60,000 ಸಾಲ, 24 ತಿಂಗಳು, ಎರಡು ಕಡೆಯೂ 12 ಪರ್ಸೆಂಟ್ ಅಂತ ಹಿಡಿಯೋಣ. ಫ್ಲಾಟ್ ಅಂದರೆ ಪೂರಾ 60,000ಕ್ಕೂ ಎರಡು ವರ್ಷ ಬಡ್ಡಿ, ಅಂದರೆ 14,400. ತಿಂಗಳಿಗೆ 3,100 ಕಟ್ಟಬೇಕು. ರೆಡ್ಯೂಸಿಂಗ್ ಬ್ಯಾಲೆನ್ಸ್ ಅಂದರೆ ತೀರಿಸಿದ ಅಸಲಿಗೆ ಬಡ್ಡಿ ಇಲ್ಲ, ಉಳಿದದ್ದಕ್ಕೆ ಮಾತ್ರ. ಆಗ ತಿಂಗಳಿಗೆ ಸುಮಾರು 2,824. ಎರಡು ವರ್ಷದಲ್ಲಿ 6,600ರಷ್ಟು ಫರಕು. ಆ 12 ಫ್ಲಾಟ್ ಅನ್ನು ರೆಡ್ಯೂಸಿಂಗ್ ಲೆಕ್ಕಕ್ಕೆ ತಿರುಗಿಸಿದರೆ 21.6ರ ಆಸುಪಾಸು ಬರುತ್ತದೆ. ಹಳ್ಳಿಯ ನೂರಕ್ಕೆ ಎರಡರ ಹತ್ತಿರಕ್ಕೇ ಬಂತು ಅಲ್ವಾ? ಆದ್ದರಿಂದ ಕೌಂಟರಿನಲ್ಲಿ "ಹೌ ಮಚ್ ಪರ್ಸೆಂಟ್?" ಅನ್ನೋದಕ್ಕಿಂತ "ಈಸ್ ಇಟ್ ಫ್ಲಾಟ್ ಆರ್ ರೆಡ್ಯೂಸಿಂಗ್?" ಅಂತ ಕೇಳಿ. ಆಮೇಲೆ "ವಾಟ್ ಈಸ್ ದ ಎಪಿಆರ್?" ಅನ್ನಿ. ಎಪಿಆರ್ ಅಂದರೆ ಬಡ್ಡಿಯ ಜೊತೆ ಫೀಗಳನ್ನೂ ಸೇರಿಸಿದ ವಾರ್ಷಿಕ ದರ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಜನರಿಗೆ ಕೊಡುವ ಹೊಸ ಸಾಲಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಎಪಿಆರ್ ಅದರಲ್ಲೇ ಇರುತ್ತದೆ. ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು ಅಂತಲೂ ಇದೆ. ಕನ್ನಡದಲ್ಲಿ ಕೇಳಿ, ಸಂಕೋಚ ಬೇಡ.

'ನೋ ಕಾಸ್ಟ್ ಇಎಂಐ' ಅಂದರೆ ಬಡ್ಡಿ ಇಲ್ಲ ಅಂತಲ್ಲ. ಕ್ರೆಡಿಟ್ ಕಾರ್ಡಿನ ಜೀರೋ ಪರ್ಸೆಂಟ್ ಬಡ್ಡಿ ಅನ್ನೋದೇ ಇಲ್ಲದ ಮಾತು ಅಂತ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಹೇಳಿದೆ. ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟನ್ನು ಅಂಗಡಿ ಅಥವಾ ಕಂಪನಿ ಬೆಲೆಯಲ್ಲಿ ಇಳಿಸುತ್ತದೆ. 18,000ದ ಫೋನು, ಆರು ತಿಂಗಳು, ತಿಂಗಳಿಗೆ 3,000, ಬಡ್ಡಿ 15 ಪರ್ಸೆಂಟ್ ಅಂತಿಟ್ಟುಕೊಳ್ಳಿ. ಒಳಗೆ ಅಡಗಿದ ಬಡ್ಡಿ ಸುಮಾರು 762. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 137 ರೂಪಾಯಿ, ನಿಮ್ಮದೇ. 199ರ ಪ್ರೊಸೆಸಿಂಗ್ ಫೀ ಇದ್ದರೆ ಅದು ಜಿಎಸ್‌ಟಿ ಸೇರಿ 235. 'ನೋ ಕಾಸ್ಟ್'ಗೆ 372 ರೂಪಾಯಿ ಕಾಸ್ಟ್ ಆಯಿತು. ತುಂಬಾ ಅಲ್ಲ, ನಾನೂ ತಗೊಂಡಿದ್ದೇನೆ. ಆದರೆ ಅಂಗಡಿಯ ನನ್ನ ವಿದ್ಯಾರ್ಥಿಗಳಿಗೆ "ಇಂಟರೆಸ್ಟ್-ಫ್ರೀ" ಅಂತ ಅನುವಾದ ಮಾಡಬೇಡಿ ಅಂತ ಹೇಳುತ್ತೇನೆ. ಇಂಗ್ಲಿಷ್ ಬಲ್ಲ ಗಿರಾಕಿ ಬಿಲ್ಲು ಹಿಡಿದು ವಾಪಸ್ ಬಂದರೆ ಉತ್ತರ ಕೊಡಬೇಕಾದವರು ಅವರೇ.

ಕಟ್ಟೋಕಾಗದಿದ್ದರೆ, ಕಟ್ಟಿ ಮುಗಿದರೆ

ಒಂದು ಕಂತು ತಪ್ಪಿದರೆ "ಐ ಮಿಸ್ಡ್ ಎ ಪೇಮೆಂಟ್". "ಮೈ ಇಎಂಐ ಬೌನ್ಸ್ಡ್" ಇಲ್ಲಿಯ ಮಾತು, ಇಲ್ಲಿಗೆ ಸರಿ. ಸಾಲು ಸಾಲಾಗಿ ತಪ್ಪಿದರೆ "ಐ ಹ್ಯಾವ್ ಫಾಲನ್ ಬಿಹೈಂಡ್". ಬ್ಯಾಂಕಿಗೆ ಪತ್ರ ಬರೆಯುವಾಗ ಇದೇ ಮರ್ಯಾದೆಯ ಮಾತು. 'ಡಿಫಾಲ್ಟ್' ಅನ್ನುವ ಪದ ನೀವಾಗಿ ಬರೆದುಕೊಡಬೇಡಿ, ಅದಕ್ಕೆ ಕಾನೂನಿನ ತೂಕ ಇದೆ.

'ಅರಿಯರ್ಸ್' ಪದದ್ದು ಇನ್ನೂ ಮಜಾ. ಸರ್ಕಾರಿ ನೌಕರರ ಮನೆಯಲ್ಲಿ "ಡಿಎ ಅರಿಯರ್ಸ್ ಬಂತು" ಅಂದರೆ ಬರಬೇಕಿದ್ದ ತುಟ್ಟಿಭತ್ಯೆ ಕೈಗೆ ಬಂತು, ಸಿಹಿ ಊಟ. ಸಾಲದ ಕಾಗದದಲ್ಲಿ "ಯುವರ್ ಅಕೌಂಟ್ ಈಸ್ ಇನ್ ಅರಿಯರ್ಸ್" ಅಂದರೆ ಬಾಕಿ ನಿಮ್ಮ ತಲೆ ಮೇಲೆ. ನಮ್ಮ ಕ್ಲಾಸಿನ ಒಬ್ಬರು ಮೇಷ್ಟ್ರು ಇಂಥ ಮೆಸೇಜ್ ನೋಡಿ ರೊಕ್ಕ ಯಾವಾಗ ಜಮಾ ಆಗುತ್ತೆ ಅಂತ ಎರಡು ದಿನ ಕಾದಿದ್ದರು.

ಗಾಡಿ 'ಸೀಜ್' ಮಾಡಿಕೊಂಡು ಹೋದರು ಅನ್ನೋಕೆ ಹೊರಗಿನ ಇಂಗ್ಲಿಷಿನಲ್ಲಿ 'ರಿಪೊಸೆಸ್ಡ್', ಅಮೆರಿಕದ ಬಾಯಲ್ಲಿ 'ರೆಪೊ'. ಪೇಪರಿನಲ್ಲಿ ಬರುವ ರೆಪೊ ದರಕ್ಕೂ ಇದಕ್ಕೂ ಸಂಬಂಧವಿಲ್ಲ.

'ಪೇ' ಜೊತೆ ಬರುವ ಬಾಲಗಳೂ ಅಷ್ಟೇ. ಚುಕ್ತಾ ಆದರೆ 'ಪೇ ಆಫ್'. ಸಾಲ ಸ್ವಲ್ಪ ಸ್ವಲ್ಪ ಇಳಿಸುತ್ತಿದ್ದರೆ 'ಪೇ ಡೌನ್'. ಕೈಗಡ ವಾಪಸ್ ಕೊಟ್ಟರೆ 'ಪೇ ಬ್ಯಾಕ್'. 'ಪೇ ಅಪ್' ಅಂದರೆ ಕುತ್ತಿಗೆ ಮೇಲೆ ಕೂತು ವಸೂಲಿ ಮಾಡಿದ ದನಿ. ಗಿರಾಕಿಗೆ "ಪ್ಲೀಸ್ ಪೇ ಅಪ್" ಅಂತ ಎಂದೂ ಹೇಳಬೇಡಿ.

ಇದಿಷ್ಟು ಬರೆಯುವ ಹೊತ್ತಿಗೆ ನಮ್ಮ ಫ್ರಿಜ್ ಹುಡುಗನ ಮೆಸೇಜ್ ಬಂತು: "ಸರ್, ಮೇಡಂ ಮತ್ತ ಬಂದಾರ. ಹಳೇ ವಾಷಿಂಗ್ ಮೆಷಿನ್ ಕೊಟ್ಟು ಹೊಸಾದು ಒಯ್ತಾರಂತ, ಉಳಿದದ್ದು ಕಿಸ್ತಿನ್ಯಾಗ. ಎಕ್ಸ್‌ಚೇಂಜ್ ಅನ್ಲೇನ್ರಿ?" ಇಲ್ಲಿ ಎಕ್ಸ್‌ಚೇಂಜ್ ಓಡುತ್ತದೆ, ಹೊರಗಡೆ ಅದಕ್ಕೆ 'ಟ್ರೇಡ್-ಇನ್' ಅಂತಾರೆ ಅಂತ ಬರೆದೆ. ಉಳಿದದ್ದಕ್ಕೆ "ಯು ಕ್ಯಾನ್ ಪೇ ದ ಬ್ಯಾಲೆನ್ಸ್ ಇನ್ ಸಿಕ್ಸ್ ಇನ್‌ಸ್ಟಾಲ್‌ಮೆಂಟ್ಸ್, ನಥಿಂಗ್ ಅಪ್‌ಫ್ರಂಟ್" ಅನ್ನು ಅಂದೆ. ಐದು ನಿಮಿಷಕ್ಕೆ ಉತ್ತರ ಬಂತು: "ಹೇಳಿದೆ ಸರ್. ಈ ಸಲ ಮೇಡಂ ಇನ್‌ಸ್ಟಾಲೇಷನ್ ಫ್ರೀ ಐತೇನು ಅಂತ ಕೇಳಕತ್ತಾರ."